ಪ್ರಿಂಟರಿನ ಜಾಗದಲ್ಲಿ ಕೂತವನು

ಕೆಳಗಿನ ಆಫೀಸು ಕೋಣೆ
ಮಾರ್ಚ್ ೯, ಭಾನುವಾರ ಬೆಳಗ್ಗೆ

ಪ್ರೀತಿಯ ಪುಟ್ಟೀ,

ಹೇಗಿದ್ದೀಯ? ಸೊಂಟದ ನೋವು ಕಮ್ಮಿಯಾಯಿತೇ? ಟೈಲ್ಸ್ ಅಂಗಡಿಯಲ್ಲಿ ಇಡೀ ದಿನ ಎತ್ತರದ ಸ್ಟೂಲಿನ ಮೇಲೆ ಕೂತು ಕಂಡವರ ಅಡುಗೆಮನೆಯ ನಕ್ಷೆ ಬರೆಯುತ್ತೀಯಂತೆ, ಅಪ್ಪ ಹೇಳಿದರು. ಬೆನ್ನಿಗೆ ಒರಗಿಲ್ಲದ ಕಡೆ ಕೂರಬೇಡ. ಅಂಗಡಿಯವರಿಗೆ ಹೇಳಿ ಒಂದು ಸರಿಯಾದ ಕುರ್ಚಿ ಹಾಕಿಸಿಕೋ, ಕೇಳಲು ನಾಚಿಕೆಯಾದರೆ ಅವರ ಫೋನ್ ನಂಬರ್ ಕೊಡು, ನಾನು ಕೇಳುತ್ತೇನೆ. ನನ್ನ ಫೋನನ್ನಂತೂ ನೀನು ಎತ್ತುವುದಿಲ್ಲ. ಅಪ್ಪನ ಫೋನ್ ಎತ್ತಿದರೂ "ಊಟ ಆಯ್ತು, ಚೆನ್ನಾಗಿದೀನಿ, ಇಡ್ತೀನಿ" ಅಂದು ಮುಗಿಸಿಬಿಡುತ್ತೀ. ಅವರು ಆಮೇಲೆ ಎಷ್ಟೋ ಹೊತ್ತು ಫೋನನ್ನೇ ನೋಡುತ್ತಾ ಕೂತಿರುತ್ತಾರೆ. ನನ್ನ ಮಂಡಿ ಪೂರ್ತಿ ಸರಿಹೋಗಿದೆ. ಮೆಟ್ಟಿಲು ಹತ್ತಿ ಇಳಿಯುತ್ತೇನೆ. ಡಾಕ್ಟರು ಕೋಲು ಬಿಡಿ ಅಂದರೂ ನಾನೇ ಬಿಟ್ಟಿಲ್ಲ, ಕೋಲು ಹಿಡಿದ ಹೆಂಗಸಿಗೆ ಬ್ಯಾಂಕಿನಲ್ಲೂ ಬಸ್ಸಿನಲ್ಲೂ ಕೂರಲು ಜಾಗ ಸಿಗುತ್ತದೆ.

ಆದರೆ ಈ ಪತ್ರ ಮಂಡಿಯ ಸಮಾಚಾರ ಹೇಳುವುದಕ್ಕಲ್ಲ. ನಿನ್ನ ಅಣ್ಣನಿಗೆ ನಾನು ಏನು ಮಾಡಿದೆ, ಯಾಕೆ ಮಾಡಿದೆ ಅನ್ನುವುದನ್ನು ಬೇರೆ ಯಾರೂ ಹೇಳುವ ಮೊದಲು ನಾನೇ ನಿನಗೆ ಹೇಳಬೇಕು. ಅಪ್ಪ ಹೇಳಿದರೆ ಬೆಣ್ಣೆ ಸವರಿ ಹೇಳುತ್ತಾರೆ. ಇಷ್ಟು ವರ್ಷ ಭೂಗೋಳ ಪಾಠ ಮಾಡಿದ ಮನುಷ್ಯ, ಬೆಟ್ಟವನ್ನೂ ಕಂದಕವನ್ನೂ ಒಂದೇ ಸಮನೆ ತಿಳಿಬಣ್ಣದಲ್ಲಿ ತೋರಿಸಿ ಅಭ್ಯಾಸ. ನನ್ನ ಕೈಲಿ ಅದು ಆಗುವುದಿಲ್ಲ. ನಾನು ಸೇಡು ತೀರಿಸಿಕೊಂಡೆ, ಪುಟ್ಟೀ. ಹೊಟ್ಟೆಯಲ್ಲಿ ಹುಟ್ಟಿದ ಮಗನ ಮೇಲೆ, ಹೊರಗಿನವರ ಮುಂದೆ, ಬೇಕಂತಲೇ, ದಿನ ನೋಡಿಟ್ಟು ತೀರಿಸಿಕೊಂಡೆ.

ನಮ್ಮ ಆಫೀಸಿನಿಂದ ನೀನು ಬರೆದ ಊರ ಗ್ರಂಥಾಲಯದ ನಕ್ಷೆಯನ್ನು ಕಟ್ಟಡ ಸಮಿತಿಗೆ ಕೊಡಬೇಕಿದ್ದ ದಿನ ನಾನು ಮಂಡಿಯ ಆಪರೇಷನ್ ಆಗಿ ಆಸ್ಪತ್ರೆಯಲ್ಲಿ ಕಾಲು ಚಾಚಿಕೊಂಡು ಮಲಗಿದ್ದೆ. ಮನೆಗೆ ಬರುವ ಹೊತ್ತಿಗೆ ನಿನ್ನ ಕಪಾಟು ಖಾಲಿಯಾಗಿತ್ತು. ಆ ದಿನದ ಕಥೆ ನನಗೆ ಗೊತ್ತಾದದ್ದು ನಿನ್ನಣ್ಣನ ಬಾಯಿಂದ. ಸಂಜೆಯೊಳಗೆ ಹಾಳೆಗಳು ಸಮಿತಿಯ ಕೈ ಸೇರಬೇಕಿತ್ತು, ನೀನು ಕೊನೆ ಗಳಿಗೆಯವರೆಗೂ ತಿದ್ದುತ್ತಲೇ ಕೂತೆ, ಪ್ರಿಂಟ್ ಕೊಡುವಾಗ ಪ್ರಿಂಟರ್ ಆಫ್‌ಲೈನ್ ಆಯಿತು, ನೀನು ಕೈಚೆಲ್ಲಿ ಅತ್ತೆ, ಅವನು ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಪೇಟೆಯ ಪ್ರಿಂಟ್ ಅಂಗಡಿಗೆ ಓಡಿ, ಸಮಿತಿಯವರು ಬಾಗಿಲು ಹಾಕುವ ಮುನ್ನ ಮುಟ್ಟಿಸಿ ಆಫೀಸಿನ ಮಾನ ಉಳಿಸಿದ. ಹಾಳೆಯ ಮೂಲೆಯಲ್ಲಿ ವಿನ್ಯಾಸ ಯಾರದು ಎಂದು ಬರೆಯುವ ಕಡೆ ಅವನ ಹೆಸರು ಬಂದದ್ದು ಗಡಿಬಿಡಿಯಲ್ಲಿ ಆದದ್ದಂತೆ. ನಾನು ಆಸ್ಪತ್ರೆಯಲ್ಲಿರುವಾಗಲೇ ನಮ್ಮ ನಕ್ಷೆ ಆಯ್ಕೆಯಾಯಿತು. ಅವನಿಗೆ ಶಾಲು ಹೊದಿಸಿ ಫೋಟೋ ತೆಗೆದರು. ಅವನು ಸಮಿತಿಯವರ ಮುಂದೆ, ತಂಗಿ ಜಾಣೆಯೇ, ಆದರೆ ಅವಳನ್ನು ನಂಬಿ ಕೂತಿದ್ದರೆ ಗಡುವು ದಾಟಿಹೋಗುತ್ತಿತ್ತು ಅಂದನಂತೆ. ಆ ಮಾತು ಊರೆಲ್ಲ ಸುತ್ತಿ ನಿನ್ನ ಕಿವಿಗೂ ಬಿತ್ತು. ನನಗೆ ಸಂಕಟವಾಗುವುದು ಯಾವುದಕ್ಕೆ ಗೊತ್ತಾ? ನೀನೂ ಅದನ್ನು ನಂಬಿಬಿಟ್ಟೆ. ತಡ ಮಾಡಿದ್ದು ನಾನೇ, ಅಣ್ಣ ಕಾಪಾಡಿದ, ಇನ್ಯಾವ ಮುಖ ಇಟ್ಟುಕೊಂಡು ನನ್ನ ಹೆಸರು ಕೇಳಲಿ ಅಂತ ಅಪ್ಪನ ಹತ್ತಿರ ಹೇಳಿ ಹೊರಟುಹೋದೆ.

ನೀನು ಹೋದಮೇಲೂ ಆ ಪ್ರಿಂಟರ್ ನೆಟ್ಟಗೆ ನಡೆಯಲಿಲ್ಲ. ಒಂದು ದಿನ ಸಲೀಸಾಗಿ ಹಾಳೆ ಉಗುಳುತ್ತದೆ, ಮರುದಿನ ಪರದೆಯ ಮೇಲೆ ಆಫ್‌ಲೈನ್ ಎಂದು ತೋರಿಸಿ ಮುಖ ತಿರುಗಿಸಿಕೊಂಡು ಕೂರುತ್ತದೆ. ದೀಪ ಉರಿಯುತ್ತಿರುತ್ತದೆ, ಕಾಗದ ಇದೆ, ಶಾಯಿ ಇದೆ, ಆದರೂ ಇಲ್ಲ ಅನ್ನುತ್ತದೆ. ನಾನು ಮಾಡದ ಉಪಚಾರವಿಲ್ಲ. ಆರಿಸಿ ಹಚ್ಚಿದೆ. ವೈಫೈ ಡಬ್ಬಿಯನ್ನೂ ಆರಿಸಿ ಹಚ್ಚಿದೆ. ಮೆಟ್ಟಿಲ ಕೆಳಗಿನಿಂದ ಎಳೆಸಿ ಕಿಟಕಿಯ ಪಕ್ಕ ಇಡಿಸಿದೆ, ನಡುವೆ ಗೋಡೆ ಅಡ್ಡ ಬರುತ್ತಿರಬಹುದೆಂದು. ಕಂಪ್ಯೂಟರಿನಿಂದ ಅದರ ಹೆಸರನ್ನು ತೆಗೆದು ಹೊಸದಾಗಿ ಸೇರಿಸಿದೆ. ಆಫ್‌ಲೈನಿನಲ್ಲೇ ಬಳಸು ಅನ್ನುವ ಕಡೆ ಗುರುತು ಬಿದ್ದಿದೆಯಾ ಅಂತ ಕನ್ನಡಕ ಹಾಕಿಕೊಂಡು ನೋಡಿದೆ, ಇರಲಿಲ್ಲ. ನೆಟ್‌ವರ್ಕ್ ರಿಪೇರಿಯವನನ್ನು ಕರೆಸಿದೆ. ಅವನು ಬಂದು ಕೂತ, ಎಲ್ಲ ಸರಿಯಿತ್ತು, ಟೀ ಕುಡಿದು ಹೋದ. ಅಪ್ಪನಂತೂ ಮಹಡಿಯಲ್ಲಿ ತಾವು ಮಿಕ್ಸಿ ಹಾಕಿದಾಗಲೇ ಇದಕ್ಕೆ ಗ್ರಹಚಾರ ಬಡಿಯುವುದೆಂದು ತೀರ್ಮಾನಿಸಿ ಚಟ್ನಿ ಅರೆಯುವುದನ್ನೇ ಬಿಟ್ಟರು. ನಿನ್ನಣ್ಣ ಮಾತ್ರ, ಈ ದರಿದ್ರದ್ದನ್ನ ಎಸೆದು ಹೊಸದು ತಗೋ ಅಂತ ಹಾಡಿದ್ದೇ ಹಾಡುತ್ತಿದ್ದ. ತನ್ನ ಪ್ರಿಂಟುಗಳನ್ನೆಲ್ಲ ಪೇಟೆಯಲ್ಲೇ ತೆಗೆಸುತ್ತಿದ್ದ.

ಹೋದ ತಿಂಗಳು ಅವನು ದೂರದ ಸೈಟಿನ ತಾರಸಿ ಕೆಲಸಕ್ಕೆ ಹೋಗಿ ಅಲ್ಲೇ ಉಳಿದ. ಅಷ್ಟೂ ದಿನ ಪ್ರಿಂಟರ್ ಒಂದು ಸಲವೂ ಕೈಕೊಡಲಿಲ್ಲ. ಹಳೆಯ ಬಾಕಿಯನ್ನೆಲ್ಲ ತೆಗೆದು ಮುಗಿಸಿದೆ. ಅವನು ವಾಪಸು ಬಂದು ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದು ಮೇಜಿನ ಮೇಲೆ ಬಿಚ್ಚಿಟ್ಟ, ಮಧ್ಯಾಹ್ನದ ಹೊತ್ತಿಗೆ ಮತ್ತೆ ಆಫ್‌ಲೈನ್. ಕಾಕತಾಳೀಯ ಅಂದುಕೊಂಡೆ. ಮರುದಿನ ಅವನು ಹೊರಗೆ ಹೋದಾಗ ಪ್ರಿಂಟ್ ಕೊಟ್ಟೆ, ಬಂತು. ಬಂದು ಕೂತಾಗ ಕೊಟ್ಟೆ, ಇಲ್ಲ.

ನಿನಗೆ ಇದೆಲ್ಲ ಗೊತ್ತಿರುವುದೇ, ಆದರೂ ನಾನು ಹುಡುಕಿದ ದಾರಿ ಹೇಳುತ್ತೇನೆ. ವೈಫೈಯಲ್ಲಿ ಸೇರುವ ಒಂದೊಂದು ಯಂತ್ರಕ್ಕೂ ಮನೆಯ ನಂಬರಿನ ಹಾಗೆ ಒಂದು ನಂಬರ್ ಇರುತ್ತದಲ್ಲ, ನಮ್ಮ ಪ್ರಿಂಟರಿಗೆ ಅದನ್ನು ಬದಲಾಗದ ಹಾಗೆ, ಕೊಂಡಾಗಲೇ, ರಿಪೇರಿಯವನು ಹಾಕಿಕೊಟ್ಟಿದ್ದ. ಪ್ರಿಂಟರಿನ ಗುಂಡಿ ಒತ್ತಿ ಆ ನಂಬರ್ ನೋಡಿಕೊಂಡೆ. ಆಮೇಲೆ ವೈಫೈ ಡಬ್ಬಿಯ ಪುಟ ತೆರೆದು ಯಾರು ಯಾವ ನಂಬರಿನಲ್ಲಿದ್ದಾರೆ ಅಂತ ಹುಡುಕಿದೆ. ಪ್ರಿಂಟರಿನ ನಂಬರಿನ ಎದುರಿಗೆ ಪ್ರಿಂಟರ್ ಇರಲಿಲ್ಲ. 'ಯಜಮಾನ' ಎಂದಿತ್ತು. ಆ ಹೆಸರು ನೆನಪಿದೆಯಲ್ಲ? ನಿನ್ನಣ್ಣ ಲ್ಯಾಪ್‌ಟಾಪ್ ಕೊಂಡ ದಿನ ಅದಕ್ಕಿಟ್ಟ ಹೆಸರು. ನೀನು ಅದನ್ನು ನೋಡಿ ಬಿದ್ದು ಬಿದ್ದು ನಕ್ಕಿದ್ದೆ. ಪ್ರಿಂಟರ್ ಕೆಲಸವಿಲ್ಲದೆ ನಿದ್ದೆಗೆ ಜಾರಿದಾಗ ಯಜಮಾನರು ಹೋಗಿ ಅದರ ಜಾಗದಲ್ಲಿ ಕೂತುಬಿಡುತ್ತಿದ್ದರು. ನಾವು ಕಳಿಸಿದ ಹಾಳೆಗಳೆಲ್ಲ ಅವರ ಬಾಗಿಲು ಬಡಿದು ಬರಿಗೈಯಲ್ಲಿ ವಾಪಸು ಬರುತ್ತಿದ್ದವು.

ಅವನು ಸ್ನಾನಕ್ಕೆ ಹೋದಾಗ ಲ್ಯಾಪ್‌ಟಾಪ್ ತೆರೆದು ನೋಡಿದೆ. ನಂಬರ್ ತಾನಾಗಿ ಬಂದದ್ದಲ್ಲ, ಕೈಯಿಂದ ಬರೆದು ಕೂರಿಸಿದ್ದು. ರಿಪೇರಿಯವನಿಗೆ ಫೋನ್ ಮಾಡಿ, ಇದು ಅಕಸ್ಮಾತ್ ಆಗುತ್ತದೆಯೇ ಅಂತ ಸುಮ್ಮನೆ ಕೇಳುವವಳ ಹಾಗೆ ಕೇಳಿದೆ. ಕೈಯಿಂದ ಬರೆದಿದ್ದರೆ ಯಾರೋ ಬರೆದಿದ್ದಾರೆ ಅಂತಲೇ ಅರ್ಥ ಅಮ್ಮ, ಅಂದ. ನನ್ನ ಕಣ್ಣ ಮುಂದೆ ಆ ದಿನ ಪೂರಾ ಬಂದು ನಿಂತಿತು. ನೀನು ಅದೇ ಮೇಜಿನಲ್ಲಿ ಕೂತು ಪ್ರಿಂಟರನ್ನು ಆರಿಸಿ ಹಚ್ಚಿ, ಆರಿಸಿ ಹಚ್ಚಿ ಕಣ್ಣೀರು ಹಾಕುತ್ತಿದ್ದದ್ದು, ಎದುರಿನ ಮೇಜಿನಲ್ಲಿ ಇವನು ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು ನಿನ್ನನ್ನು ನೋಡುತ್ತಾ ಕೂತದ್ದು.

ಇನ್ನೊಂದು ವಿಷಯ ಹೊಳೆದಾಗ ನನಗೆ ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಅವನು ಅದನ್ನು ಅಳಿಸಿರಲೇ ಇಲ್ಲ. ಯಾಕೆಂದರೆ ಮರೆತಿದ್ದ. ತಂಗಿಯ ಬಾಳಿಗೆ ಕಲ್ಲು ಹಾಕಿದ್ದು ಅವನಿಗೆ ಮರೆತುಹೋಗುವಷ್ಟು ಸಣ್ಣ ಕೆಲಸವಾಗಿತ್ತು. ಪ್ರಿಂಟರ್ ನಿಜವಾಗಿಯೂ ಕೆಟ್ಟಿದೆಯೆಂದೇ ನಂಬಿ ನನ್ನ ಹತ್ತಿರ ಹೊಸದು ಕೇಳುತ್ತಿದ್ದ.

ನಾಲ್ಕು ಅಂಕಿ ಅಳಿಸಿದ್ದರೆ ಅಲ್ಲಿಗೇ ಸರಿಹೋಗುತ್ತಿತ್ತು. ನಾನು ಅಳಿಸಲಿಲ್ಲ. ಮುಚ್ಚಳ ಹಾಕಿ ಇದ್ದ ಜಾಗದಲ್ಲೇ ಇಟ್ಟೆ. ಅವನು ತಲೆ ಒರೆಸಿಕೊಂಡು ಬಂದಾಗ ಕಾಫಿ ಕೊಟ್ಟೆ. ಅಪ್ಪನಿಗೂ ಹೇಳಲಿಲ್ಲ. ಹೇಳಿದ್ದರೆ ಅವರು ಅವತ್ತೇ ಅವನನ್ನು ಒಳಗೆ ಕರೆದು, ಬಾಗಿಲು ಹಾಕಿ, ಮೆಲ್ಲಗೆ ಬುದ್ಧಿ ಹೇಳಿ ಮುಗಿಸಿಬಿಡುತ್ತಿದ್ದರು. ನಿನ್ನ ಮಾನ ಹೋದದ್ದು ಬಾಗಿಲು ಹಾಕಿದ ಕೋಣೆಯಲ್ಲಲ್ಲ.

ಗ್ರಂಥಾಲಯ ಸಮಿತಿಯವರು ಕೊನೆಯ ತಿದ್ದುಪಡಿ ನೋಡಿ ಸಹಿ ಹಾಕಬೇಕಿತ್ತು. ಪ್ರತಿ ಸಲ ಅವರ ಕಚೇರಿಯಲ್ಲೇ ಸೇರುವುದು. ಈ ಸಲ ನನಗೆ ಮಂಡಿ ನೋವು, ನೀವೇ ಬನ್ನಿ ಎಂದು ಅವರ ಅಧ್ಯಕ್ಷೆಗೆ ಫೋನ್ ಮಾಡಿದೆ. ದಿನವನ್ನೂ ನಾನೇ ಹೇಳಿದೆ, ಗುರುವಾರ. ಪೇಟೆಯ ಪ್ರಿಂಟ್ ಅಂಗಡಿಗೆ ಗುರುವಾರ ರಜೆ. ಹೀಗೆ ಲೆಕ್ಕ ಹಾಕುವಾಗ ನನಗೆ, ಪುಟ್ಟೀ, ಮನೆ ಕಟ್ಟುವವರಿಗೆ ಬಾಗಿಲು ಯಾವ ದಿಕ್ಕಿಗೆ ತೆರೆಯಬೇಕೆಂದು ಹೇಳುವಾಗ ಇರುವಷ್ಟೇ ನೆಮ್ಮದಿ ಇತ್ತು.

ಅಧ್ಯಕ್ಷೆ ಬಂದರು. ಅವರ ಜೊತೆ ಸಮಿತಿಯ ಎಂಜಿನಿಯರು. ಅಪ್ಪನನ್ನೂ ಮಹಡಿಯಿಂದ ಕರೆಸಿ ಕೂರಿಸಿದೆ. ನಿನ್ನಣ್ಣ ಇಸ್ತ್ರಿ ಅಂಗಿ ಹಾಕಿಕೊಂಡು, ಲ್ಯಾಪ್‌ಟಾಪಿನಲ್ಲಿ ನಕ್ಷೆ ತೋರಿಸುತ್ತಾ, ತಿದ್ದಬೇಕಾದ್ದನ್ನು ಅಲ್ಲೇ ತಿದ್ದಿದ. ನಡುವೆ ಅಧ್ಯಕ್ಷೆ, ಮಕ್ಕಳ ಓದುವ ಕೋಣೆಯ ಕಿಟಕಿಗಳು ಯಾಕೆ ಇಷ್ಟು ಕೆಳಗಿವೆ ಅಂತ ಕೇಳಿದರು. ಅವನು ಒಂದು ಗಳಿಗೆ ತಡೆದು, ಗೋಡೆಯ ಖರ್ಚು ಉಳಿಯಲಿ ಅಂತ ಅಂದ. ಆಸ್ಪತ್ರೆಯ ಮಂಚದ ತುದಿಯಲ್ಲಿ ಕೂತು ನೀನು ನನಗೆ ಹೇಳಿದ್ದು ನೆನಪಿದೆಯಾ? "ನೆಲದ ಮೇಲೆ ಬೋರಲು ಮಲಗಿ ಓದೋ ಮಗೂಗೂ ಹೊರಗಿನ ಮರ ಕಾಣಬೇಕಮ್ಮ." ನಾನು ಅಧ್ಯಕ್ಷೆಯ ಮುಖದಲ್ಲಿ ಮೂಡಿದ ಬೇಸರವನ್ನು ಮಾತ್ರ ನೋಡಿಕೊಂಡೆ.

ಆಮೇಲೆ ಅವನು ಪ್ರಿಂಟ್ ಒತ್ತಿದ. ಆಫ್‌ಲೈನ್. ನಾನು ಕೋಲನ್ನು ಮೊಣಕಾಲ ಮೇಲೆ ಅಡ್ಡ ಇಟ್ಟುಕೊಂಡು ಕೂತೆ. ಅವನು ಪ್ರಿಂಟರ್ ಆರಿಸಿ ಹಚ್ಚಿದ. ವೈಫೈ ಡಬ್ಬಿಯ ವೈರು ಕಿತ್ತು ಸಿಕ್ಕಿಸಿದ. ನಗುತ್ತಾ ಏನೋ ತಮಾಷೆ ಮಾಡಿದ, ಯಾರೂ ನಗಲಿಲ್ಲ. ಎಂಜಿನಿಯರು ಗಡಿಯಾರ ನೋಡಿಕೊಂಡರು. ಅವನು ಪೇಟೆಗೆ ಹೋಗಿ ತರುತ್ತೇನೆ ಅಂದ, ಇವತ್ತು ಗುರುವಾರ ಅಂತ ನಾನು ನೆನಪಿಸಿದೆ. ಮೇಜಿನ ಕೆಳಗೆ ಬಗ್ಗಿ ಹಿಂದಿನ ಪ್ಲಗ್ಗು ಎಳೆಯುವಾಗ ಅವನ ಅಂಗಿಯ ಬೆನ್ನು ಪೂರ್ತಿ ಒದ್ದೆಯಾಗಿತ್ತು. ಸುಳ್ಳು ಹೇಳುವುದಿಲ್ಲ, ಆ ಬೆನ್ನು ನೋಡಿದಾಗ ಒಂದು ಕ್ಷಣ ಕರುಳು ಚುರ್ ಅಂದಿತು. ಅಲ್ಲಿಗೇ ಬಿಟ್ಟುಬಿಡೋಣ, ಆಮೇಲೆ ಒಳಗೆ ಕರೆದು ಕೇಳೋಣ ಅನ್ನಿಸಿತು. ಆಗ ಅಧ್ಯಕ್ಷೆ, ಕೆಟ್ಟ ಮನಸ್ಸಿನಿಂದಲ್ಲ, ನಿಮ್ಮ ತಂಗಿ ನಕ್ಷೆ ಕೊಡಬೇಕಿದ್ದ ದಿನವೂ ಹೀಗೇ ಆಗಿತ್ತಂತಲ್ಲ ಅಂತ ಕೇಳಿದರು. ಅವನು ಮೇಜಿನ ಕೆಳಗಿನಿಂದಲೇ ಉತ್ತರ ಕೊಟ್ಟ.

"ಅವತ್ತು ಅವಳು ತಡ ಮಾಡಿದ್ದು ಮೇಡಂ. ಇವತ್ತು ಮೆಷಿನ್ನೇ ಕೆಟ್ಟಿರೋದು."

ಕರುಳು ಅಲ್ಲಿಗೇ ಕಲ್ಲಾಯಿತು.

"ನಿನ್ನ ಲ್ಯಾಪ್‌ಟಾಪ್ ಆರಿಸು" ಅಂದೆ. ಅದರಲ್ಲೇ ಫೈಲ್ ಇದೆ ಅಂದ. ಫೈಲನ್ನು ನನ್ನ ಕಂಪ್ಯೂಟರಿಗೆ ಕಳಿಸಿ ಆರಿಸು ಅಂದೆ. ಯಾಕೆ ಅಂತ ಕೇಳುತ್ತಲೇ ಆರಿಸಿದ. ನಾನು ಎದ್ದು ಹೋಗಿ ಪ್ರಿಂಟರನ್ನು ಇನ್ನೊಂದು ಸಲ ಹಚ್ಚಿ, ನನ್ನ ಮೇಜಿನಿಂದ ಪ್ರಿಂಟ್ ಕೊಟ್ಟೆ. ಹಾಳೆಗಳು ಒಂದರ ಹಿಂದೊಂದು ಬರತೊಡಗಿದವು. ಅವನು ಹಾಳೆಗಳನ್ನು ನೋಡಿದ, ತನ್ನ ಲ್ಯಾಪ್‌ಟಾಪನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ಅವನ ಮುಖದಲ್ಲಿ ನೆನಪು ಬಂದು ಇಳಿಯುವುದನ್ನು ನಾನು ಕಣ್ಣಾರೆ ಕಂಡೆ. ಬಣ್ಣ ಹಣೆಯಿಂದ ಕೆಳಕ್ಕೆ ಬತ್ತುತ್ತಾ ಹೋಯಿತು.

ಅಧ್ಯಕ್ಷೆಗೆ ನಾನೇ ವಿವರಿಸಿದೆ. ಇವನ ಲ್ಯಾಪ್‌ಟಾಪಿಗೆ ಪ್ರಿಂಟರಿನ ನಂಬರ್ ಕೊಟ್ಟಿದೆ, ಇವನು ಇಲ್ಲಿ ಕೂತರೆ ಪ್ರಿಂಟರ್ ಯಾರಿಗೂ ಸಿಗುವುದಿಲ್ಲ, ನನ್ನ ಮಗಳು ತಡ ಮಾಡಿದಳೆಂದು ಹೇಳಿದ ದಿನವೂ ಸಿಕ್ಕಿರಲಿಲ್ಲ ಅಂದೆ. ಎಂಜಿನಿಯರು ಮೆಲ್ಲಗೆ, ಅದು ತಾನಾಗಿ ಬಂದಿರಬಹುದೇನೋ ಅಂದರು. ನಾನು ಮಗನ ಮುಖವನ್ನೇ ನೋಡುತ್ತಾ, "ತಾನಾಗಿ ಬಂತೇನಪ್ಪ?" ಅಂತ ಕೇಳಿದೆ.

ಹೌದು ಅಂದುಬಿಟ್ಟಿದ್ದರೆ ನನ್ನ ಹತ್ತಿರ ಆ ದಿನದ ಬಗ್ಗೆ ಯಾವ ಸಾಕ್ಷಿಯೂ ಇರಲಿಲ್ಲ. ಅವನಿಗೆ ಅದು ಗೊತ್ತಿರಲಿಲ್ಲವೋ, ಅಥವಾ ಸುಳ್ಳು ಹೊತ್ತು ಸಾಕಾಗಿತ್ತೋ.

"ಆ ಒಂದು ದಿನಕ್ಕೆ ಅಂತ ಮಾಡಿದ್ದೆ ಅಮ್ಮ" ಅಂದ. "ಆಮೇಲೆ ಮರೆತೇಹೋಯ್ತು."

ಪ್ರಿಂಟರ್ ಕೊನೆಯ ಹಾಳೆ ತಳ್ಳಿ ಸುಮ್ಮನಾಯಿತು. ಅಧ್ಯಕ್ಷೆ ಸಹಿಗೆಂದು ಬಿಚ್ಚಿದ್ದ ಪೆನ್ನಿಗೆ ಮುಚ್ಚಳ ಹಾಕಿದರು. ಅಪ್ಪ ಎದ್ದು, ಯಾರನ್ನೂ ನೋಡದೆ ಮಹಡಿಗೆ ಹೋದರು. ನಾನು ಹಾಳೆಗಳನ್ನು ಒಟ್ಟುಮಾಡಿ ಅಧ್ಯಕ್ಷೆಯ ಕೈಗೆ ಕೊಟ್ಟು, ಇದನ್ನು ಬರೆದವಳು ನನ್ನ ಮಗಳು, ಕಿಟಕಿ ಯಾಕೆ ಕೆಳಗಿದೆ ಅಂತ ಅವಳನ್ನು ಕೇಳಿ ಅಂದೆ.

ಖುಷಿಯಾಯಿತಾ ಅಂತ ನೀನು ಕೇಳಿದರೆ, ಆಯಿತು. ಎದೆ ತಣ್ಣಗಾಯಿತು. ಮಾರನೇ ದಿನವೇ ಅವನ ಕೈಯಿಂದ ಆಫೀಸಿನ ಬೀಗದ ಕೈ ತೆಗೆದುಕೊಂಡೆ. ಸಮಿತಿಯ ಎಲ್ಲರ ಮನೆಗೂ ಅವನೇ ನಡೆದುಹೋಗಿ, ಬಾಗಿಲಲ್ಲಿ ನಿಂತು, ನಕ್ಷೆ ತನ್ನದಲ್ಲ, ತಂಗಿ ತಡ ಮಾಡಿರಲಿಲ್ಲ ಅಂತ ಹೇಳಿಬರಬೇಕು ಅಂದೆ. ಹೋಗಿಬಂದ. ಶಾಲನ್ನೂ ವಾಪಸು ಕೊಡಿಸಿದೆ. ಅವರು ಬೇಡ ಅಂದರಂತೆ, ಮೇಜಿನ ಮೇಲಿಟ್ಟು ಬಾ ಅಂತ ಇನ್ನೊಂದು ಸಲ ಕಳಿಸಿದೆ.

ಅಪ್ಪ ನನ್ನ ಹತ್ತಿರ ಸರಿಯಾಗಿ ಮಾತಾಡುತ್ತಿಲ್ಲ. ನಾಲ್ಕು ಜನರ ಮುಂದೆ ಅವನನ್ನು ಹಾಗೆ ನಿಲ್ಲಿಸಬಾರದಿತ್ತು, ಇಬ್ಬರೂ ನಮ್ಮ ಮಕ್ಕಳೇ ಅಲ್ಲವಾ ಅನ್ನುತ್ತಾರೆ. ಇಬ್ಬರೂ ನಮ್ಮವರೇ ಅನ್ನುವುದು ಒಬ್ಬಳು ಬ್ಯಾಗು ಹಿಡಿದು ಮೆಟ್ಟಿಲಿಳಿಯುವಾಗ ನೆನಪಾಗಬೇಕಿತ್ತು ಅಂದೆ. ಅವರು ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಅವರಿಗೆ ನೋವಾಗಿದೆ. ಆಗಲಿ.

ನಿನ್ನೆ ಸಂಜೆ ನಿನ್ನಣ್ಣ ಮೆಟ್ಟಿಲ ಮೇಲೆ ಕೂತಿದ್ದ. ನಾನು ದಾಟಿ ಹೋಗುವಾಗ ತಲೆ ಎತ್ತದೆ, "ಎಲ್ರೂ ಕೇಳೋದು ನಿನ್ನನ್ನ, ನೀನಿಲ್ದಿದ್ರೆ ಅವಳನ್ನ. ನಾನು ಸೈಟಲ್ಲಿ ಇಟ್ಟಿಗೆ ಎಣಿಸೋನು" ಅಂದ. ಅದು ಸುಳ್ಳಲ್ಲ, ಪುಟ್ಟೀ. ಹೊಸ ಮನೆ ನೋಡಲು ಬಂದವರೆಲ್ಲ ಅವನ ಮುಂದೆಯೇ ನಿನ್ನನ್ನು ಹೊಗಳುತ್ತಿದ್ದದ್ದು ನನಗೂ ಗೊತ್ತು. ಬಿಸಿಲಲ್ಲಿ ನಿಂತು ಆ ಗೋಡೆಗಳನ್ನು ನೆಟ್ಟಗೆ ಎಬ್ಬಿಸಿದವನು ಅವನೇ. ಕೇಳಿದಾಗ ನನಗೆ ಅರ್ಥವಾಯಿತು. ಅರ್ಥವಾದ ಮಾತ್ರಕ್ಕೆ ಸಿಟ್ಟು ಇಳಿಯುತ್ತದೆ ಅಂತ ಯಾರು ಹೇಳಿದ್ದು? ಇನ್ನೊಮ್ಮೆ ಆ ಗುರುವಾರ ಬಂದರೆ ಇನ್ನೊಮ್ಮೆ ಹಾಗೇ ಮಾಡುತ್ತೇನೆ.

ನಿನಗೆ ಹೇಳಬೇಕಾದದ್ದು ಇಷ್ಟೇ. ನೀನು ತಡ ಮಾಡಿರಲಿಲ್ಲ. ಆ ಮಧ್ಯಾಹ್ನ ನಿನ್ನ ಕೈಯಲ್ಲಿ ಬೇಕಾದಷ್ಟು ಹೊತ್ತಿತ್ತು, ಅದನ್ನು ಕದ್ದರು. ಸಮಿತಿಯವರು ಹಾಳೆಯ ಮೇಲೆ ನಿನ್ನ ಹೆಸರು ಹಾಕಿ ಕೊಡಲು ಹೇಳಿದ್ದಾರೆ, ನಾನು ಹಾಕಿ ತೆಗೆದಿಟ್ಟಿದ್ದೇನೆ. ಬುಧವಾರ ನೆಲದ ಮೇಲೆ ಸುಣ್ಣದ ಗೆರೆ ಎಳೆದು ಅಡಿಪಾಯದ ಗುರುತು ಹಾಕುತ್ತಾರೆ. ನೀನಿಲ್ಲದೆ ಗೆರೆ ಎಳೆಸುವುದಿಲ್ಲ ಅಂತ ಅಧ್ಯಕ್ಷೆ ನನ್ನ ಹತ್ತಿರ ಖಡಾಖಂಡಿತವಾಗಿ ಹೇಳಿದ್ದಾರೆ. ಬರುವುದು ಬಿಡುವುದು ನಿನಗೆ ಸೇರಿದ್ದು. ಅಮ್ಮ ಕರೆದಳೆಂದು ಬರಬೇಡ, ನಿನ್ನ ಕಟ್ಟಡ ಅನ್ನಿಸಿದರೆ ಬಾ.

ಹೊತ್ತಿಗೆ ಸರಿಯಾಗಿ ಉಣ್ಣು. ಅಪ್ಪ ನಿನಗೆ ಬಾಯಿತುಂಬ ಆಶೀರ್ವಾದ ಹೇಳಲು ಹೇಳಿದ್ದಾರೆ, ಅಷ್ಟು ಮಾತು ಮಾತ್ರ ನನ್ನ ಹತ್ತಿರ ಆಡಿದ್ದಾರೆ. ನನ್ನದೂ ಸೇರಿಸಿಕೋ. ತಲೆ ಎತ್ತಿಕೊಂಡು ನೂರು ಕಾಲ ಬಾಳು.

ಇಂತಿ ನಿನ್ನ,
ಅಮ್ಮ

ತಾ.ಕ.: ಅವಸರದಲ್ಲಿ ಬರೆಯುತ್ತಿದ್ದೇನೆ, ಬಸ್ಸಿಗೆ ಹೊತ್ತಾಯಿತು. ಈ ಪತ್ರವನ್ನು ಅಂಚೆಗೆ ಹಾಕುತ್ತಿಲ್ಲ. ನಿನಗೆ ಇದನ್ನು ಕೊಟ್ಟದ್ದು ನಿನ್ನಣ್ಣ ಅಲ್ಲವೇ? ಅವನೇ ತಂದುಕೊಡಬೇಕೆಂದು ನಾನೇ ಹೊರಡಿಸಿದ್ದು. ಮೊದಲಿನಿಂದ ಕೊನೆಯವರೆಗೆ ಅವನ ಕೈಯಲ್ಲಿ ಓದಿಸಿಯೇ ಲಕೋಟೆ ಅಂಟಿಸುತ್ತೇನೆ. ನೀನು ಓದಿ ಮುಗಿಸುವವರೆಗೆ ಹೊಸ್ತಿಲ ಆಚೆಯೇ ನಿಂತಿರಬೇಕು, ಬಾಯಿ ತೆರೆಯಬಾರದು ಅಂತ ಹೇಳಿದ್ದೇನೆ, ಒಪ್ಪಿದ್ದಾನೆ. ಬುಧವಾರ ನಿನ್ನ ಅಳತೆಗೆ ಟೇಪಿನ ತುದಿ ಹಿಡಿಯುವವನೂ ಅವನೇ, ಅದಕ್ಕೂ ಒಪ್ಪಿದ್ದಾನೆ. ನಾನು ತೀರಿಸಿಕೊಳ್ಳಬೇಕಾದದ್ದು ತೀರಿಸಿಕೊಂಡೆ, ಇನ್ನು ಮಿಕ್ಕಿದ್ದು ನಿನ್ನ ಪಾಲಿನದು. ಬೈಯುವುದಾದರೆ ಬೈ, ಬಾಗಿಲು ಹಾಕುವುದಾದರೆ ಹಾಕು, ನಾನು ಯಾಕೆ ಅಂತ ಕೇಳುವುದಿಲ್ಲ. ನಿನ್ನೆ ರಾತ್ರಿಯಿಂದ ಏನೂ ತಿಂದಿಲ್ಲ ಅವನು. ಅದು ಸುಮ್ಮನೆ ತಿಳಿದಿರಲಿ ಅಂತ ಬರೆದೆ.